ದೂರ ಮತ್ತು ಕಾಲದಿಂದ ಜವವನ್ನು ಲೆಕ್ಕ ಹಾಕುವುದು: ಪ್ರೌಢಶಾಲಾ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಜವದ ಸೂತ್ರ ಒಂದೇ ಸಾಲಿನದು, ಅದನ್ನು ಮರೆತು ಅಂಕ ಕಳೆದುಕೊಳ್ಳುವವರು ಕಡಿಮೆ. ತಪ್ಪು ನುಸುಳುವುದು ಹೆಚ್ಚಾಗಿ ಸೂತ್ರದೊಳಗೆ ಸಂಖ್ಯೆಗಳನ್ನು ಇಡುವ ಮೊದಲೇ: ನಿಮಿಷಗಳನ್ನು ದಶಮಾಂಶವೆಂದು ಓದುವಾಗ, ಯಾವ ದೂರ ಯಾವ ಕಾಲಕ್ಕೆ ಸೇರಿದ್ದೆಂದು ವಿಚಾರಿಸದೆ ಭಾಗಿಸುವಾಗ, ಎರಡು ಜವಗಳನ್ನು ಕೂಡಿಸಿ ಅರ್ಧ ಮಾಡುವಾಗ. ಆದ್ದರಿಂದ ಕೆಳಗಿನ ಉತ್ತರಗಳು ಅಂಥ ಕಡೆಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ, ಉಳಿದ ಕಡೆ ಬೇಗ ಮುಂದೆ ಸಾಗುತ್ತವೆ.

ಜವ ಎಂದರೆ ಏನು?

ಒಂದು ವಸ್ತು ಏಕಮಾನ ಕಾಲದಲ್ಲಿ, ಅಂದರೆ ಒಂದು ಸೆಕೆಂಡಿನಲ್ಲೋ ಒಂದು ನಿಮಿಷದಲ್ಲೋ ಒಂದು ಗಂಟೆಯಲ್ಲೋ, ಕ್ರಮಿಸುವ ದೂರವನ್ನು ಅದರ ಜವ ಎನ್ನುತ್ತೇವೆ. ಒಂದು ಬಸ್ಸು 4 ಗಂಟೆಗಳಲ್ಲಿ 180 ಕಿ.ಮೀ. ಸಾಗಿತು ಎಂದಿಟ್ಟುಕೊಳ್ಳೋಣ. ಆ 180 ಕಿ.ಮೀ.ಗಳನ್ನು ನಾಲ್ಕು ಗಂಟೆಗಳಿಗೆ ಸಮನಾಗಿ ಹಂಚಿದರೆ ಪ್ರತಿ ಗಂಟೆಯ ಪಾಲಿಗೆ 45 ಕಿ.ಮೀ. ಬರುತ್ತದೆ. ಇದನ್ನೇ ಸೂತ್ರವಾಗಿ ಬರೆದಾಗ, ಜವ = ದೂರ ÷ ಕಾಲ. ಈ ಭಾಗಾಕಾರವನ್ನು ಹಂಚಿಕೆಯೆಂದು ಕಂಡುಕೊಂಡವರಿಗೆ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ದೂರವನ್ನೇ ಕಾಲದಿಂದ ಏಕೆ ಭಾಗಿಸಬೇಕು? ಕಾಲವನ್ನು ದೂರದಿಂದ ಭಾಗಿಸಿದರೆ ತಪ್ಪೇ?

ತಪ್ಪಲ್ಲ, ಆದರೆ ಆಗ ದೊರೆಯುವುದು ಬೇರೆ ರಾಶಿ. ಕಾಲವನ್ನು ದೂರದಿಂದ ಭಾಗಿಸಿದರೆ ಒಂದು ಕಿ.ಮೀ. ಸಾಗಲು ಎಷ್ಟು ಸಮಯ ಹಿಡಿಯಿತು ಎಂಬುದು ತಿಳಿಯುತ್ತದೆ. ದೂರದ ಓಟಗಾರರು ತಮ್ಮ ಓಟವನ್ನು ಅಳೆಯುವುದು ಹೆಚ್ಚಾಗಿ ಈ ರೀತಿಯಲ್ಲೇ. ‘ಕಿ.ಮೀ.ಗೆ 6 ನಿಮಿಷ’ ಎಂದು ಓಡುವವರು ಗಂಟೆಯಲ್ಲಿ 10 ಕಿ.ಮೀ. ಓಡುತ್ತಾರೆ, ‘ಕಿ.ಮೀ.ಗೆ 5 ನಿಮಿಷ’ ಎಂದು ಓಡುವವರು 12 ಕಿ.ಮೀ. ಓಡುತ್ತಾರೆ. ಇಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಓಟ ಚುರುಕು. ಜವದಲ್ಲಿ ಇದಕ್ಕೆ ತಿರುವುಮುರುವು, ಅಂದರೆ ಸಂಖ್ಯೆ ದೊಡ್ಡದಾದಷ್ಟೂ ಚಲನೆ ಚುರುಕು. ಪ್ರಶ್ನೆಯಲ್ಲಿ ‘ಜವ’ ಎಂದು ಕೇಳಿದ್ದರೆ ಅಂಶದಲ್ಲಿ ದೂರವೂ ಛೇದದಲ್ಲಿ ಕಾಲವೂ ಇರಲೇಬೇಕು.

ದೂರವನ್ನು ಕಾಲದಿಂದ ಭಾಗಿಸುವುದು ನಮಗೆ ಈಗ ತೀರ ಸಹಜವಾಗಿ ತೋರುತ್ತದೆ, ಆದರೆ ಪ್ರಾಚೀನ ಗ್ರೀಕ್ ಗಣಿತಜ್ಞರಿಗೆ ಅದು ಸಹಜವಾಗಿರಲಿಲ್ಲ. ಒಂದೇ ಜಾತಿಯ ಎರಡು ರಾಶಿಗಳ ನಡುವೆ, ಅಂದರೆ ದೂರಕ್ಕೂ ದೂರಕ್ಕೂ, ಕಾಲಕ್ಕೂ ಕಾಲಕ್ಕೂ ಮಾತ್ರ ಅನುಪಾತ ಇರಲು ಸಾಧ್ಯವೆಂದು ಅವರು ಭಾವಿಸಿದ್ದರು. 17ನೇ ಶತಮಾನದಲ್ಲಿ ಗೆಲಿಲಿಯೋ ಕೂಡ ಚಲನೆಯನ್ನು ವಿವರಿಸುವಾಗ ಇದೇ ಅನುಪಾತದ ಭಾಷೆಯನ್ನು ಬಳಸಿದನು. ಹಾಗಾಗಿ ಕಿ.ಮೀ.ಗಳನ್ನು ಗಂಟೆಗಳಿಂದ ಭಾಗಿಸುವಾಗ ಯಾರಿಗಾದರೂ ಮೊದಲ ಸಲ ಅಳುಕು ಉಂಟಾದರೆ ಅದನ್ನು ದಡ್ಡತನವೆಂದು ತಿಳಿಯಬೇಕಾಗಿಲ್ಲ.

ಜವ ಮತ್ತು ವೇಗ ಒಂದೇ ಅಲ್ಲವೇ?

ದಿನನಿತ್ಯದ ಮಾತಿನಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ, ಭೌತಶಾಸ್ತ್ರದಲ್ಲಿ ಅವು ಬೇರೆ ಬೇರೆ. ಜವಕ್ಕೆ ಪರಿಮಾಣ ಮಾತ್ರ ಇರುವುದರಿಂದ ಅದು ಅದಿಶ ರಾಶಿ. ವೇಗಕ್ಕೆ ಪರಿಮಾಣದ ಜೊತೆಗೆ ದಿಕ್ಕೂ ಇರುವುದರಿಂದ ಅದು ಸದಿಶ ರಾಶಿ. ಜವವನ್ನು ಕಂಡುಹಿಡಿಯಲು ಕ್ರಮಿಸಿದ ಒಟ್ಟು ದೂರ ಬೇಕು, ವೇಗವನ್ನು ಕಂಡುಹಿಡಿಯಲು ಸ್ಥಾನಪಲ್ಲಟ, ಅಂದರೆ ಹೊರಟ ಜಾಗದಿಂದ ತಲುಪಿದ ಜಾಗಕ್ಕೆ ಇರುವ ನೇರ ಅಂತರ ಮತ್ತು ಅದರ ದಿಕ್ಕು, ಬೇಕು. 400 ಮೀ. ಸುತ್ತಳತೆಯ ಓಟದ ಪಥವನ್ನು 80 ಸೆಕೆಂಡುಗಳಲ್ಲಿ ಒಂದು ಸುತ್ತು ಓಡಿ ಹೊರಟ ಜಾಗಕ್ಕೇ ಮರಳಿದವರ ಸರಾಸರಿ ಜವ ಸೆಕೆಂಡಿಗೆ 5 ಮೀ. ಆಗುತ್ತದೆ, ಆದರೆ ಸ್ಥಾನಪಲ್ಲಟವು ಸೊನ್ನೆಯಾದ್ದರಿಂದ ಅವರ ಸರಾಸರಿ ವೇಗ ಸೊನ್ನೆ. ಬೆವರು ಸುರಿಸಿ ಓಡಿ ಬಂದವರಿಗೆ ಇದು ಅನ್ಯಾಯವೆನಿಸಬಹುದು, ಆದರೆ ವ್ಯಾಖ್ಯಾನ ಹೇಳುವುದು ಇಷ್ಟೇ. ಇಲ್ಲಿಂದ ಮುಂದೆ ನಾವು ಜವವನ್ನು ಕುರಿತು ಮಾತ್ರ ಮಾತನಾಡುತ್ತೇವೆ.

ಸೂತ್ರದ ತ್ರಿಕೋನವನ್ನು ನೆನಪಿಟ್ಟುಕೊಂಡರೆ ಸಾಕೇ?

ಮೇಲೆ ದೂರ, ಕೆಳಗೆ ಜವ ಮತ್ತು ಕಾಲ ಇರುವ ತ್ರಿಕೋನವನ್ನು ಬರೆದು, ಬೇಕಾದ ರಾಶಿಯನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿಕೊಳ್ಳುವ ಉಪಾಯ ಅನೇಕರಿಗೆ ಪರಿಚಿತ. ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದರೂ ಅದನ್ನು ಊರುಗೋಲಾಗಿ ಮಾಡಿಕೊಳ್ಳಬೇಡಿರೆಂದೇ ನನ್ನ ಸಲಹೆ, ಏಕೆಂದರೆ ತ್ರಿಕೋನದಲ್ಲಿ ಯಾವುದು ಮೇಲೆ ಯಾವುದು ಕೆಳಗೆ ಎಂಬುದು ಮರೆತ ದಿನ ಹಿಡಿದುಕೊಳ್ಳಲು ಬೇರೇನೂ ಉಳಿಯುವುದಿಲ್ಲ.

ಅದರ ಬದಲು ಮಾತಿನಲ್ಲೇ ಯೋಚಿಸಬಹುದು. ಗಂಟೆಗೆ 45 ಕಿ.ಮೀ. ಎಂದರೆ ಪ್ರತಿ ಗಂಟೆಗೆ 45 ಕಿ.ಮೀ. ಸೇರುತ್ತಾ ಹೋಗುತ್ತದೆ, ಆದ್ದರಿಂದ 4 ಗಂಟೆಗಳಲ್ಲಿ 45 × 4 = 180 ಕಿ.ಮೀ. ಆಗುತ್ತದೆ. ಅದೇ ರೀತಿ 180 ಕಿ.ಮೀ. ಸಾಗಲು ಎಷ್ಟು ಹೊತ್ತು ಬೇಕೆಂದು ಕೇಳಿದರೆ, 180ರಲ್ಲಿ 45 ಎಷ್ಟು ಸಲ ಅಡಗಿದೆ ಎಂದು ನೋಡಿದರಾಯಿತು. ಹೀಗೆ ದೂರ = ಜವ × ಕಾಲ, ಕಾಲ = ದೂರ ÷ ಜವ ಎಂಬ ಎರಡೂ ರೂಪಗಳು ಮೊದಲ ಸೂತ್ರದ ಒಡಲಿನಿಂದಲೇ ಹೊರಬರುತ್ತವೆ. ಅನುಮಾನ ಬಂದಾಗ ಏಕಮಾನಗಳನ್ನು ಕೇಳಿ ನೋಡಬಹುದು. ಕಿ.ಮೀ.ಗಳನ್ನು ‘ಗಂಟೆಗೆ ಕಿ.ಮೀ.’ಗಳಿಂದ ಭಾಗಿಸಿದಾಗ ಕಿ.ಮೀ. ಹೊಡೆದುಹೋಗಿ ಗಂಟೆ ಉಳಿಯುತ್ತದೆ, ಆದ್ದರಿಂದ ನಾವು ಕಂಡುಹಿಡಿದಿರುವುದು ಕಾಲವೇ ಎಂದು ಖಚಿತವಾಗುತ್ತದೆ.

ಜವಕ್ಕೆ ಯಾವ ಏಕಮಾನವನ್ನು ಬರೆಯಬೇಕು?

ಅಂತರರಾಷ್ಟ್ರೀಯ ಏಕಮಾನ ಪದ್ಧತಿಯಲ್ಲಿ ಜವದ ಏಕಮಾನ ಮೀಟರ್ ಪ್ರತಿ ಸೆಕೆಂಡ್, ಚಿಕ್ಕದಾಗಿ ಮೀ/ಸೆ. ವಾಹನಗಳ ವಿಷಯದಲ್ಲಿ ಕಿ.ಮೀ/ಗಂ ರೂಢಿಯಲ್ಲಿದೆ. ಹಡಗು ಮತ್ತು ವಿಮಾನಗಳ ಜವವನ್ನು ನಾಟ್‌ಗಳಲ್ಲಿ ಹೇಳುವುದುಂಟು. ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ ಗಂಟೆಗೆ 1.852 ಕಿ.ಮೀ. ಪ್ರಶ್ನೆಯಲ್ಲಿ ಇಂಥ ಏಕಮಾನದಲ್ಲೇ ಉತ್ತರ ಬೇಕೆಂದು ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಹೇಳಿಲ್ಲದಿದ್ದರೆ ಕೊಟ್ಟಿರುವ ದೂರ ಮತ್ತು ಕಾಲದ ಏಕಮಾನಗಳೇ ಜವದ ಏಕಮಾನವನ್ನು ನಿರ್ಧರಿಸುತ್ತವೆ. ಏಕಮಾನವಿಲ್ಲದೆ ಬರೆದ ‘ಜವ = 15’ ಎಂಬ ಉತ್ತರಕ್ಕೆ ಅರ್ಥವೇ ಇಲ್ಲ, ಏಕೆಂದರೆ ಗಂಟೆಗೆ 15 ಕಿ.ಮೀ. ಸೈಕಲ್ಲಿನ ಜವವಾದರೆ ಸೆಕೆಂಡಿಗೆ 15 ಮೀ. ರಸ್ತೆಯಲ್ಲಿ ಓಡುವ ಕಾರಿನ ಜವ.

ಕಿ.ಮೀ/ಗಂ ನಿಂದ ಮೀ/ಸೆ ಗೆ ಬದಲಾಯಿಸುವಾಗ 5/18 ರಿಂದ ಗುಣಿಸುತ್ತಾರಲ್ಲ, ಅದು ಎಲ್ಲಿಂದ ಬಂತು?

ಒಂದು ಕಿ.ಮೀ.ನಲ್ಲಿ 1000 ಮೀಟರ್‌ಗಳಿವೆ, ಒಂದು ಗಂಟೆಯಲ್ಲಿ 60 × 60 = 3600 ಸೆಕೆಂಡುಗಳಿವೆ. ಗಂಟೆಗೆ 1 ಕಿ.ಮೀ. ಎಂದರೆ 3600 ಸೆಕೆಂಡುಗಳಲ್ಲಿ 1000 ಮೀ., ಅಂದರೆ ಸೆಕೆಂಡಿಗೆ 1000/3600 ಮೀ. ಈ ಭಿನ್ನರಾಶಿಯನ್ನು 200ರಿಂದ ಸಂಕ್ಷೇಪಿಸಿದರೆ 5/18 ಸಿಗುತ್ತದೆ. ಮೀ/ಸೆ ನಿಂದ ಕಿ.ಮೀ/ಗಂ ಗೆ ಹೋಗುವಾಗ ಅದನ್ನು ತಲೆಕೆಳಗು ಮಾಡಿ 18/5 ರಿಂದ, ಅಂದರೆ 3.6ರಿಂದ, ಗುಣಿಸಬೇಕು.

ಯಾವಾಗ ಯಾವುದರಿಂದ ಗುಣಿಸಬೇಕೆಂದು ಗೊಂದಲವಾಗುವವರು ಒಂದು ಜೋಡಿಯನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು: 36 ಕಿ.ಮೀ/ಗಂ ಮತ್ತು 10 ಮೀ/ಸೆ ಎರಡೂ ಒಂದೇ. ಕಿ.ಮೀ/ಗಂ ನಲ್ಲಿ ಬರೆದ ಸಂಖ್ಯೆ ಯಾವಾಗಲೂ ದೊಡ್ಡದು, ಮೀ/ಸೆ ನಲ್ಲಿ ಬರೆದದ್ದು ಚಿಕ್ಕದು. 54 ಕಿ.ಮೀ/ಗಂ ಅನ್ನು ಬದಲಾಯಿಸಿದಾಗ 15 ಮೀ/ಸೆ ಬಂದರೆ ಸರಿ, 194.4 ಬಂದರೆ ಗುಣಿಸಬೇಕಾದ ಭಿನ್ನರಾಶಿ ತಲೆಕೆಳಗಾಗಿದೆ.

1 ಗಂಟೆ 30 ನಿಮಿಷಗಳನ್ನು 1.30 ಗಂಟೆ ಎಂದು ಬರೆಯಬಹುದೇ?

ಬರೆಯಬಾರದು. ಇಡೀ ಪಾಠದಲ್ಲಿ ಅತಿ ಹೆಚ್ಚು ಅಂಕಗಳನ್ನು ನುಂಗುವ ತಪ್ಪು ಇದೇ ಇರಬೇಕು ಎಂಬುದು ನನ್ನ ಅನಿಸಿಕೆ, ಏಕೆಂದರೆ ಇದನ್ನು ಮಾಡಿದವರಿಗೆ ತಾವು ತಪ್ಪು ಮಾಡಿದ್ದೇವೆಂಬ ಸುಳಿವೇ ಸಿಗುವುದಿಲ್ಲ. ಗಡಿಯಾರದಲ್ಲಿ 1.30 ಎಂದು ಓದುವ ಅಭ್ಯಾಸ ಲೆಕ್ಕದೊಳಕ್ಕೂ ಸದ್ದಿಲ್ಲದೆ ನುಗ್ಗಿಬಿಡುತ್ತದೆ. ದಶಮಾಂಶ ಪದ್ಧತಿಯಲ್ಲಿ 1.30 ಎಂದರೆ ಒಂದು ಗಂಟೆ ಮತ್ತು ಇನ್ನೊಂದು ಗಂಟೆಯ ಹತ್ತರಲ್ಲಿ ಮೂರು ಭಾಗ, ಅಂದರೆ 1 ಗಂಟೆ 18 ನಿಮಿಷ. ಗಂಟೆಯನ್ನು ಅರವತ್ತು ಪಾಲು ಮಾಡಿದ್ದೇವೆಯೇ ಹೊರತು ನೂರು ಪಾಲು ಮಾಡಿಲ್ಲ. ಆದ್ದರಿಂದ ನಿಮಿಷಗಳನ್ನು 60ರಿಂದ ಭಾಗಿಸಿ ಗಂಟೆಗೆ ಸೇರಿಸಬೇಕು: 30 ÷ 60 = 0.5, ಒಟ್ಟು 1.5 ಗಂಟೆ.

90 ಕಿ.ಮೀ. ದೂರವನ್ನು 1 ಗಂಟೆ 30 ನಿಮಿಷಗಳಲ್ಲಿ ಸಾಗಿದ ವಾಹನದ ಜವ 90 ÷ 1.5 = 60 ಕಿ.ಮೀ/ಗಂ. ತಪ್ಪಾಗಿ 1.3ರಿಂದ ಭಾಗಿಸಿದವರಿಗೆ 69.2 ಬರುತ್ತದೆ. ಎರಡೂ ವಾಹನಕ್ಕೆ ಒಪ್ಪುವಂಥ ಸಂಖ್ಯೆಗಳೇ ಆಗಿರುವುದರಿಂದ ಉತ್ತರವನ್ನು ನೋಡಿ ತಪ್ಪನ್ನು ಹಿಡಿಯಲಾಗದು.

ಸೆಕೆಂಡುಗಳೂ ಸೇರಿಕೊಂಡಾಗ ಇನ್ನಷ್ಟು ಎಚ್ಚರ ಬೇಕು. 2023ರಲ್ಲಿ ಶಿಕಾಗೋದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 42.195 ಕಿ.ಮೀ. ಮ್ಯಾರಥಾನ್ ಓಟವನ್ನು 2 ಗಂಟೆ 0 ನಿಮಿಷ 35 ಸೆಕೆಂಡುಗಳಲ್ಲಿ ಮುಗಿಸಿದರು. ಇಂಥ ಲೆಕ್ಕದಲ್ಲಿ ಎಲ್ಲವನ್ನೂ ಸೆಕೆಂಡುಗಳಿಗೆ ಇಳಿಸುವುದೇ ಸುರಕ್ಷಿತ ದಾರಿ. 2 × 3600 + 35 = 7235 ಸೆಕೆಂಡುಗಳು. 42,195 ಮೀ. ಅನ್ನು 7235ರಿಂದ ಭಾಗಿಸಿದರೆ ಸುಮಾರು 5.83 ಮೀ/ಸೆ, ಅಂದರೆ ಹತ್ತಿರಹತ್ತಿರ 21 ಕಿ.ಮೀ/ಗಂ. ಆ ಕಾಲವನ್ನು 2.35 ಗಂಟೆ ಎಂದು ಬರೆದುಕೊಂಡವರಿಗೆ 18 ಕಿ.ಮೀ/ಗಂಗಿಂತಲೂ ತುಸು ಕಡಿಮೆ ಬರುತ್ತದೆ, ಅಂದರೆ ಅಂಥ ಓಟಗಾರನಿಗೆ ಗಂಟೆಗೆ ಮೂರು ಕಿ.ಮೀ. ಖೋತಾ!

ಹೊರಟ ಸಮಯ ಮತ್ತು ತಲುಪಿದ ಸಮಯವನ್ನು ಮಾತ್ರ ಕೊಟ್ಟಿದ್ದರೆ ಏನು ಮಾಡಬೇಕು?

ಮೊದಲು ಅವಧಿಯನ್ನು ಕಂಡುಹಿಡಿಯಬೇಕು. ಬೆಳಿಗ್ಗೆ 9.50ಕ್ಕೆ ಹೊರಟ ರೈಲು ಮಧ್ಯಾಹ್ನ 1.20ಕ್ಕೆ ತಲುಪಿದರೆ, 9.50ರಿಂದ 10 ಗಂಟೆಯವರೆಗೆ 10 ನಿಮಿಷ, 10ರಿಂದ 1ರವರೆಗೆ 3 ಗಂಟೆ, ಆಮೇಲೆ 20 ನಿಮಿಷ, ಒಟ್ಟು 3 ಗಂಟೆ 30 ನಿಮಿಷ. ಹೀಗೆ ತುಂಡು ತುಂಡಾಗಿ ಎಣಿಸುವುದು ನೇರವಾಗಿ ಕಳೆಯುವುದಕ್ಕಿಂತ ಭದ್ರ, ಏಕೆಂದರೆ ಕಳೆಯುವಾಗ ಗಂಟೆಯಿಂದ ದಶಕ ತೆಗೆದುಕೊಂಡವರು ಅಭ್ಯಾಸಬಲದಿಂದ 60ರ ಬದಲು 100 ಸೇರಿಸಿಬಿಡುತ್ತಾರೆ. ರಾತ್ರಿ 12 ಗಂಟೆಯನ್ನು ದಾಟುವ ಪ್ರಯಾಣವಾದರೆ 12 ಗಂಟೆಯವರೆಗೆ ಒಂದು ತುಂಡು, ಅಲ್ಲಿಂದ ಮುಂದಕ್ಕೆ ಇನ್ನೊಂದು ತುಂಡು ಎಂದು ಎಣಿಸಬೇಕು.

ಹೋಗುವಾಗ 40 ಕಿ.ಮೀ/ಗಂ, ಬರುವಾಗ 60 ಕಿ.ಮೀ/ಗಂ ಆದರೆ ಸರಾಸರಿ ಜವ 50 ಅಲ್ಲವೇ?

ಅಲ್ಲ, 48. ಬಹಳ ಮಂದಿ ಇದನ್ನು ನಂಬಲು ಒಪ್ಪುವುದಿಲ್ಲ, ಆದ್ದರಿಂದ ನಿಧಾನವಾಗಿ ನೋಡೋಣ.

ಸರಾಸರಿ ಜವ ಎಂದರೆ ಜವಗಳ ಸರಾಸರಿ ಎಂದಲ್ಲ. ಕ್ರಮಿಸಿದ ಒಟ್ಟು ದೂರವನ್ನು ತೆಗೆದುಕೊಂಡ ಒಟ್ಟು ಕಾಲದಿಂದ ಭಾಗಿಸಿದಾಗ ಬರುವುದೇ ಸರಾಸರಿ ಜವ. ಎರಡು ಊರುಗಳ ನಡುವಿನ ದೂರ 120 ಕಿ.ಮೀ. ಎಂದುಕೊಳ್ಳಿ. ಹೋಗಲು 120 ÷ 40 = 3 ಗಂಟೆ, ಬರಲು 120 ÷ 60 = 2 ಗಂಟೆ. ಒಟ್ಟು ದೂರ 240 ಕಿ.ಮೀ., ಒಟ್ಟು ಕಾಲ 5 ಗಂಟೆ, ಸರಾಸರಿ ಜವ 240 ÷ 5 = 48 ಕಿ.ಮೀ/ಗಂ. ಉತ್ತರವು 50ಕ್ಕಿಂತ ಕೆಳಗೆ ಇಳಿದದ್ದೇಕೆ? ನಿಧಾನವಾಗಿ ಹೋದ ದಾರಿಯಲ್ಲಿ ವಾಹನ 3 ಗಂಟೆ ಕಳೆದಿದೆ, ಚುರುಕಾಗಿ ಬಂದ ದಾರಿಯಲ್ಲಿ 2 ಗಂಟೆ ಮಾತ್ರ. ಹೆಚ್ಚು ಹೊತ್ತು ಇದ್ದ ಜವ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ದೂರವನ್ನು 120ರ ಬದಲು ಎಷ್ಟೇ ಇಟ್ಟುಕೊಂಡರೂ ಉತ್ತರ 48 ಆಗಿಯೇ ಉಳಿಯುತ್ತದೆ. ಒಮ್ಮೆ 60 ಕಿ.ಮೀ. ಇಟ್ಟುಕೊಂಡು ನೀವೇ ಮಾಡಿ ನೋಡಬಹುದು.

ಎರಡು ಸಮಾನ ದೂರಗಳನ್ನು ಎರಡು ಬೇರೆ ಜವಗಳಲ್ಲಿ ಸಾಗಿದಾಗ, ಜವಗಳ ಗುಣಲಬ್ಧದ ಎರಡರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸಿ ಸರಾಸರಿ ಜವವನ್ನು ಪಡೆಯಬಹುದು: 2 × 40 × 60 ÷ 100 = 48. ಗಣಿತದಲ್ಲಿ ಇದಕ್ಕೆ ಹರಾತ್ಮಕ ಸರಾಸರಿ ಎಂಬ ಹೆಸರಿದೆ. ಇದನ್ನು ಕಲಿತವರು ದೂರಗಳು ಸಮನಾಗಿಲ್ಲದ ಕಡೆಯಲ್ಲೂ ಬಳಸಿ ಎಡವುವುದುಂಟು. ಒಟ್ಟು ದೂರ, ಒಟ್ಟು ಕಾಲ ಎಂಬ ಮೂಲ ದಾರಿ ಮಾತ್ರ ಎಲ್ಲ ಕಡೆಯೂ ನಡೆಯುತ್ತದೆ.

ಹಾಗಾದರೆ ಜವಗಳನ್ನು ಕೂಡಿಸಿ ಎರಡರಿಂದ ಭಾಗಿಸುವುದು ಎಂದೂ ಸರಿಯಾಗದೇ?

ಎರಡು ಜವಗಳಲ್ಲೂ ಸಮಾನ ಕಾಲ ಚಲಿಸಿದ್ದರೆ ಸರಿಯಾಗುತ್ತದೆ. 2 ಗಂಟೆ 40 ಕಿ.ಮೀ/ಗಂ ಜವದಲ್ಲಿ, ಇನ್ನೆರಡು ಗಂಟೆ 60 ಕಿ.ಮೀ/ಗಂ ಜವದಲ್ಲಿ ಹೋದರೆ 80 + 120 = 200 ಕಿ.ಮೀ., 4 ಗಂಟೆ, ಸರಾಸರಿ 50. ಪ್ರಶ್ನೆಯಲ್ಲಿ ‘ಅರ್ಧ ದೂರ’ ಎಂದಿದೆಯೇ ‘ಅರ್ಧ ಸಮಯ’ ಎಂದಿದೆಯೇ ಎಂಬುದನ್ನು ಗಮನಿಸಿ ಓದಬೇಕಾದ್ದು ಇದಕ್ಕಾಗಿಯೇ.

ಮೊದಲ ಅರ್ಧ ದೂರವನ್ನು 30 ಕಿ.ಮೀ/ಗಂ ಜವದಲ್ಲಿ ಹೋದವರು ಒಟ್ಟು ಸರಾಸರಿ 60 ಆಗಬೇಕೆಂದರೆ ಉಳಿದರ್ಧವನ್ನು ಎಷ್ಟು ಜವದಲ್ಲಿ ಹೋಗಬೇಕು?

ಥಟ್ಟನೆ ಹೊಳೆಯುವ ಉತ್ತರ 90. ಆದರೆ ಎಷ್ಟು ಜವದಲ್ಲಿ ಹೋದರೂ ಅದು ಸಾಧ್ಯವಿಲ್ಲ. ಒಟ್ಟು ದೂರ 60 ಕಿ.ಮೀ. ಎಂದುಕೊಂಡರೆ, ಸರಾಸರಿ 60 ಬರಲು ಇಡೀ ಪ್ರಯಾಣ ಒಂದು ಗಂಟೆಯಲ್ಲಿ ಮುಗಿಯಬೇಕು. ಮೊದಲ 30 ಕಿ.ಮೀ.ಗೇ ಆ ಒಂದು ಗಂಟೆ ಪೂರ್ತಿಯಾಗಿ ಖರ್ಚಾಗಿದೆ, ಉಳಿದ 30 ಕಿ.ಮೀ.ಗೆ ಕಾಲವೇ ಉಳಿದಿಲ್ಲ. 90ರಲ್ಲಿ ಹೋದರೆ ಸರಾಸರಿ 45 ಮಾತ್ರ ಆಗುತ್ತದೆ.

ದಾರಿಯಲ್ಲಿ ನಿಂತ ಸಮಯವನ್ನು ಲೆಕ್ಕಕ್ಕೆ ಸೇರಿಸಬೇಕೇ?

ಇಡೀ ಪ್ರಯಾಣದ ಸರಾಸರಿ ಜವವನ್ನು ಕೇಳಿದ್ದರೆ ಸೇರಿಸಬೇಕು. ಅರ್ಧ ಗಂಟೆಯ ವಿಶ್ರಾಂತಿಯೂ ಸೇರಿ 3 ಗಂಟೆಗಳಲ್ಲಿ 150 ಕಿ.ಮೀ. ಸಾಗಿದ ಬಸ್ಸಿನ ಸರಾಸರಿ ಜವ 50 ಕಿ.ಮೀ/ಗಂ. ‘ಚಲಿಸುತ್ತಿದ್ದಾಗಿನ’ ಸರಾಸರಿ ಜವ ಎಂದು ಬಿಡಿಸಿ ಕೇಳಿದ್ದರೆ ಮಾತ್ರ ವಿಶ್ರಾಂತಿಯನ್ನು ಕಳೆದು 150 ÷ 2.5 = 60 ಎನ್ನಬೇಕು.

ವಾಹನದ ಸ್ಪೀಡೋಮೀಟರ್ ತೋರಿಸುವುದು ಸರಾಸರಿ ಜವವನ್ನೇ?

ಅದು ತೋರಿಸುವುದು ಆ ಕ್ಷಣದ ಜವವನ್ನು. ಬ್ರೇಕ್ ಹಾಕಿದೊಡನೆ ಮುಳ್ಳು ಇಳಿಯುತ್ತದೆ, ಸರಾಸರಿ ಜವ ಹಾಗೆ ಥಟ್ಟನೆ ಬದಲಾಗುವುದಿಲ್ಲ. ಕ್ರಮಿಸಿದ ಒಟ್ಟು ದೂರವನ್ನು ತೋರಿಸುವುದು ಓಡೋಮೀಟರ್. ಹೊರಡುವಾಗ ಓಡೋಮೀಟರಿನಲ್ಲಿ 12,486 ಇದ್ದು, ಎರಡೂವರೆ ಗಂಟೆಗಳ ನಂತರ 12,611 ಇದ್ದರೆ, ವ್ಯತ್ಯಾಸ 125 ಕಿ.ಮೀ., ಸರಾಸರಿ ಜವ 125 ÷ 2.5 = 50 ಕಿ.ಮೀ/ಗಂ. ಕೊನೆಯ ಅಂಕಿಯನ್ನೇ ದೂರವೆಂದು ಭಾವಿಸಿ 12,611ನ್ನು ಭಾಗಿಸಿದವರ ಉತ್ತರದಲ್ಲಿ ಬಸ್ಸು ಗಂಟೆಗೆ ಐದು ಸಾವಿರ ಕಿ.ಮೀ. ದಾಟಿ ಓಡುತ್ತದೆ.

ಈ ಎರಡು ಜವಗಳ ನಡುವಿನ ವ್ಯತ್ಯಾಸಕ್ಕೆ ಒಂದು ಸೊಗಸಾದ ಉದಾಹರಣೆ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ 9.58 ಸೆಕೆಂಡುಗಳಲ್ಲಿ ಓಡಿದ 100 ಮೀ. ಓಟ. ಸರಾಸರಿ ಜವ 100 ÷ 9.58, ಸುಮಾರು 10.44 ಮೀ/ಸೆ, ಅಂದರೆ 37.6 ಕಿ.ಮೀ/ಗಂ. ಆದರೆ 60ರಿಂದ 80 ಮೀಟರಿನವರೆಗಿನ 20 ಮೀಟರನ್ನು ಅವರು 1.61 ಸೆಕೆಂಡುಗಳಲ್ಲಿ ದಾಟಿದರು, ಅಲ್ಲಿ ಸರಾಸರಿ ಸುಮಾರು 12.4 ಮೀ/ಸೆ, 44 ಕಿ.ಮೀ/ಗಂಗಿಂತಲೂ ಹೆಚ್ಚು. ನಿಂತಲ್ಲಿಂದ ಹೊರಟು ಆ ಜವವನ್ನು ಮುಟ್ಟಲು ಹಿಡಿದ ಮೊದಲ ಕೆಲವು ಸೆಕೆಂಡುಗಳೇ ಒಟ್ಟು ಸರಾಸರಿಯನ್ನು ಕೆಳಗೆ ಎಳೆದಿವೆ. ಅಳೆಯುವ ತುಣುಕನ್ನು ಚಿಕ್ಕದು ಮಾಡುತ್ತಾ ಹೋದಂತೆ ಸರಾಸರಿ ಜವವು ಆ ಕ್ಷಣದ ಜವಕ್ಕೆ ಹತ್ತಿರವಾಗುತ್ತಾ ಹೋಗುತ್ತದೆ. ಮೇಲಿನ ತರಗತಿಗಳಲ್ಲಿ ಕಲಿಯುವ ಕಲನಶಾಸ್ತ್ರದ ಬಾಗಿಲು ಇರುವುದು ಇಲ್ಲಿಯೇ.

ರೈಲು ಸೇತುವೆಯನ್ನು ದಾಟುವ ಲೆಕ್ಕದಲ್ಲಿ ರೈಲಿನ ಉದ್ದವನ್ನು ಏಕೆ ಕೂಡಿಸುತ್ತಾರೆ?

ರೈಲಿನ ಮುಂತುದಿ ಸೇತುವೆಯನ್ನು ಮುಟ್ಟಿದ ಕ್ಷಣದಿಂದ ಅದರ ಕೊನೆಯ ಬೋಗಿ ಸೇತುವೆಯನ್ನು ಬಿಡುವ ಕ್ಷಣದವರೆಗಿನ ಕಾಲವನ್ನು ‘ದಾಟಲು ಹಿಡಿದ ಕಾಲ’ ಎನ್ನುತ್ತೇವೆ. ಆ ಹೊತ್ತಿಗೆ ಮುಂತುದಿಯು ಸೇತುವೆಯ ಉದ್ದವನ್ನೂ ಅದರಾಚೆಗೆ ರೈಲಿನ ಉದ್ದವನ್ನೂ ಕ್ರಮಿಸಿರುತ್ತದೆ. 180 ಮೀ. ಉದ್ದದ ರೈಲು 54 ಕಿ.ಮೀ/ಗಂ, ಅಂದರೆ 15 ಮೀ/ಸೆ ಜವದಲ್ಲಿ 270 ಮೀ. ಉದ್ದದ ಸೇತುವೆಯನ್ನು ದಾಟಲು (180 + 270) ÷ 15 = 30 ಸೆಕೆಂಡುಗಳು ಬೇಕು. ಅದೇ ರೈಲು ಒಂದು ಕಂಬವನ್ನು ದಾಟಲು 180 ÷ 15 = 12 ಸೆಕೆಂಡುಗಳು ಸಾಕು, ಏಕೆಂದರೆ ಕಂಬದ ದಪ್ಪವನ್ನು ನಾವು ಗಣನೆಗೆ ತೆಗೆದುಕೊಳ್ಳುವುದಿಲ್ಲ. ರೈಲಿನ ಬದಲು ಇರುವೆ ಸೇತುವೆ ದಾಟುತ್ತಿದ್ದರೆ ಇರುವೆಯ ಉದ್ದವನ್ನೂ ಹೀಗೆಯೇ ಬಿಟ್ಟುಬಿಡಬಹುದು.

ಎದುರುಬದುರಾಗಿ ಬರುವ ಇಬ್ಬರ ಜವಗಳನ್ನು ಕೂಡಿಸುವುದು, ಹಿಂಬಾಲಿಸುವಾಗ ಕಳೆಯುವುದು ಏಕೆ?

36 ಕಿ.ಮೀ. ಅಂತರದಲ್ಲಿರುವ ಇಬ್ಬರು ಸೈಕಲ್ ಸವಾರರು ಒಬ್ಬರ ಕಡೆಗೊಬ್ಬರು ಬರುತ್ತಿದ್ದಾರೆ, ಒಬ್ಬರ ಜವ 10, ಇನ್ನೊಬ್ಬರದು 14 ಕಿ.ಮೀ/ಗಂ. ಒಂದು ಗಂಟೆಯಲ್ಲಿ ಒಬ್ಬರು 10 ಕಿ.ಮೀ. ಅಂತರವನ್ನು ಕರಗಿಸುತ್ತಾರೆ, ಇನ್ನೊಬ್ಬರು 14 ಕಿ.ಮೀ. ಕರಗಿಸುತ್ತಾರೆ, ಆದ್ದರಿಂದ ಅಂತರವು ಗಂಟೆಗೆ 24 ಕಿ.ಮೀ.ನಂತೆ ಕುಗ್ಗುತ್ತದೆ. 36 ÷ 24 = 1.5 ಗಂಟೆಯ ನಂತರ ಭೇಟಿ. ಆ ಹೊತ್ತಿಗೆ ಅವರು ಕ್ರಮವಾಗಿ 15 ಮತ್ತು 21 ಕಿ.ಮೀ. ಬಂದಿರುತ್ತಾರೆ, ಕೂಡಿಸಿದರೆ 36.

ಇಬ್ಬರೂ ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದು, ನಿಧಾನದವರು 2 ಕಿ.ಮೀ. ಮುಂದಿದ್ದರೆ, ಹಿಂದಿನವರು ಗಂಟೆಗೆ 14 ಕಿ.ಮೀ. ಬಂದರೂ ಮುಂದಿನವರು 10 ಕಿ.ಮೀ. ಸರಿದಿರುವುದರಿಂದ ಅಂತರ ಗಂಟೆಗೆ 4 ಕಿ.ಮೀ. ಮಾತ್ರ ಕುಗ್ಗುತ್ತದೆ. 2 ÷ 4 = ಅರ್ಧ ಗಂಟೆಯಲ್ಲಿ ಹಿಡಿಯುತ್ತಾರೆ. ‘ಕೂಡಿಸಬೇಕೋ ಕಳೆಯಬೇಕೋ’ ಎಂದು ಕೇಳುವ ಬದಲು ‘ಒಂದು ಗಂಟೆಯಲ್ಲಿ ಅಂತರ ಎಷ್ಟು ಕುಗ್ಗಿತು’ ಎಂದು ಕೇಳಿಕೊಂಡರೆ ಗೊಂದಲಕ್ಕೆ ಎಡೆಯಿಲ್ಲ.

ಪ್ರತಿಧ್ವನಿಯ ಲೆಕ್ಕದಲ್ಲಿ ಉತ್ತರ ಯಾವಾಗಲೂ ಎರಡರಷ್ಟಾಗುವುದೇಕೆ?

ಶಬ್ದವು ಬಂಡೆಯವರೆಗೆ ಹೋಗಿ ಮತ್ತೆ ನಿಮ್ಮ ಕಿವಿಗೆ ಬರುತ್ತದೆ, ಅದು ಸಾಗಿದ ದೂರ ನಿಮಗೂ ಬಂಡೆಗೂ ಇರುವ ದೂರದ ಎರಡರಷ್ಟು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ಜವ ಸುಮಾರು 343 ಮೀ/ಸೆ. ಚಪ್ಪಾಳೆ ತಟ್ಟಿ 1.4 ಸೆಕೆಂಡಿನ ನಂತರ ಪ್ರತಿಧ್ವನಿ ಕೇಳಿದರೆ ಶಬ್ದ ಸಾಗಿದ್ದು 343 × 1.4, ಸುಮಾರು 480 ಮೀ., ಬಂಡೆ ಇರುವುದು 240 ಮೀ. ದೂರದಲ್ಲಿ. ಗುಡುಗಿನಲ್ಲಿ ಹೀಗೆ ಅರ್ಧ ಮಾಡಬಾರದು, ಅದು ಒಂದೇ ದಿಕ್ಕಿನ ಪ್ರಯಾಣ. ಮಿಂಚು ಕಂಡು 6 ಸೆಕೆಂಡುಗಳ ನಂತರ ಗುಡುಗು ಕೇಳಿದರೆ ಮಿಂಚು ಹೊಳೆದದ್ದು ಸುಮಾರು 2 ಕಿ.ಮೀ. ದೂರದಲ್ಲಿ.

ಚಂದ್ರನ ದೂರವನ್ನು ಅಳೆಯುವುದೂ ಇದೇ ಲೆಕ್ಕದಿಂದ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಕ್ಕೆ ಭೂಮಿಯಿಂದ ಲೇಸರ್ ಕಿರಣವನ್ನು ಕಳಿಸಿದರೆ, ಅದು ಮರಳಿ ಬರಲು ಸುಮಾರು ಎರಡೂವರೆ ಸೆಕೆಂಡುಗಳು ಹಿಡಿಯುತ್ತವೆ. ಬೆಳಕಿನ ಜವವನ್ನು ಸೆಕೆಂಡಿಗೆ 3 ಲಕ್ಷ ಕಿ.ಮೀ. ಎಂದು ಹಿಡಿದು ಗುಣಿಸಿ ಅರ್ಧ ಮಾಡಿದರೆ 3,75,000 ಕಿ.ಮೀ. ಬರುತ್ತದೆ. ಚಂದ್ರನ ಸರಾಸರಿ ದೂರ ಸುಮಾರು 3,84,400 ಕಿ.ಮೀ. ‘ಎರಡೂವರೆ’ ಎಂಬ ಒರಟು ಅಂಕಿಗೆ ಇದು ಒಳ್ಳೆಯ ಉತ್ತರವೇ ಸರಿ.

ದೂರ–ಕಾಲ ನಕ್ಷೆಯಿಂದ ಜವವನ್ನು ಹೇಗೆ ಓದುವುದು?

ಕಾಲವನ್ನು ಅಡ್ಡ ಅಕ್ಷದಲ್ಲೂ ದೂರವನ್ನು ಲಂಬ ಅಕ್ಷದಲ್ಲೂ ಗುರುತಿಸಿದಾಗ ರೇಖೆಯ ಇಳಿಜಾರೇ ಜವ. ರೇಖೆ ಕಡಿದಾಗಿದ್ದಷ್ಟೂ ಜವ ಹೆಚ್ಚು, ರೇಖೆ ಅಡ್ಡವಾಗಿ ಮಲಗಿದ್ದರೆ ವಸ್ತು ನಿಂತಿದೆ, ರೇಖೆ ಬಾಗಿದ್ದರೆ ಜವ ಬದಲಾಗುತ್ತಿದೆ. ರೇಖೆಯ ಮೇಲೆ ಎರಡು ಬಿಂದುಗಳನ್ನು ಆರಿಸಿಕೊಂಡು, ದೂರಗಳ ವ್ಯತ್ಯಾಸವನ್ನು ಕಾಲಗಳ ವ್ಯತ್ಯಾಸದಿಂದ ಭಾಗಿಸಬೇಕು. 2ನೇ ಸೆಕೆಂಡಿನಲ್ಲಿ 6 ಮೀ., 6ನೇ ಸೆಕೆಂಡಿನಲ್ಲಿ 26 ಮೀ. ಇದ್ದರೆ ಆ ತುಂಡಿನಲ್ಲಿ ಜವ 20 ÷ 4 = 5 ಮೀ/ಸೆ. ವ್ಯತ್ಯಾಸ ತೆಗೆಯದೆ 26 ÷ 6 ಎಂದು ಬರೆದರೆ ಈ ತುಂಡಿನ ಜವ ಸಿಗುವುದಿಲ್ಲ. ಹಾಗೆಯೇ, ಕ್ರಮಿಸಿದ ಒಟ್ಟು ದೂರದ ನಕ್ಷೆ ಎಂದೂ ಕೆಳಗಿಳಿಯುವುದಿಲ್ಲ, ಕ್ರಮಿಸಿದ ದೂರ ಕಡಿಮೆಯಾಗುವುದಾದರೂ ಹೇಗೆ? ಪುಸ್ತಕದಲ್ಲಿ ರೇಖೆ ಕೆಳಗಿಳಿದಿದ್ದರೆ ಲಂಬ ಅಕ್ಷದಲ್ಲಿರುವುದು ಹೊರಟ ಜಾಗದಿಂದ ಇರುವ ದೂರ ಎಂದು ತಿಳಿಯಬೇಕು.

ಬಂದ ಉತ್ತರ ಸರಿಯೋ ತಪ್ಪೋ ಎಂದು ಬೇಗ ತಿಳಿಯುವುದು ಹೇಗೆ?

ಕೆಲವು ಪರಿಚಿತ ಜವಗಳು ಮನಸ್ಸಿನಲ್ಲಿರಲಿ. ಸಾಮಾನ್ಯ ನಡಿಗೆ ಗಂಟೆಗೆ ಸುಮಾರು 5 ಕಿ.ಮೀ., ಅಂದರೆ ಸೆಕೆಂಡಿಗೆ 1.4 ಮೀ. ಆರಾಮದ ಸೈಕಲ್ ಸವಾರಿ ಗಂಟೆಗೆ 15ರಿಂದ 20 ಕಿ.ಮೀ. ಪ್ರಯಾಣಿಕರ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಸೂರ್ಯನ ಸುತ್ತ ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ನಡೆದು ಶಾಲೆಗೆ ಹೋದ ವಿದ್ಯಾರ್ಥಿಯ ಜವ ಸೆಕೆಂಡಿಗೆ 80 ಮೀ. ಎಂದು ಬಂದಿದ್ದರೆ, ನಿಮಿಷಗಳಿಂದ ಭಾಗಿಸಿ ಸೆಕೆಂಡು ಎಂದು ಬರೆದಿರುವ ಸಾಧ್ಯತೆಯೇ ಹೆಚ್ಚು. ಬೆಳಕಿನ ಜವವನ್ನು ಮೀರಿದ ಉತ್ತರ ಬಂದರಂತೂ ಎರಡನೆಯ ಯೋಚನೆಯೇ ಬೇಡ.

ಬೆಳಕಿನ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. 1983ರಿಂದ ಅದರ ಜವ ಸೆಕೆಂಡಿಗೆ 29,97,92,458 ಮೀ. ಎಂದು ನಿಗದಿಯಾಗಿದೆ, ಮೀಟರ್ ಎಂದರೆ ಆ ಜವದಲ್ಲಿ ಬೆಳಕು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ನಿರ್ವಾತದಲ್ಲಿ ಸಾಗುವ ದೂರ. ದೂರ ಮತ್ತು ಕಾಲದಿಂದ ಜವವನ್ನು ಕಂಡುಹಿಡಿಯುವ ನಮ್ಮ ಸೂತ್ರವನ್ನು ಇಲ್ಲಿ ತಿರುಗಿಸಿ, ಜವ ಮತ್ತು ಕಾಲದಿಂದ ದೂರದ ಅಳತೆಗೋಲನ್ನೇ ಕಡೆದಿದ್ದಾರೆ.

ಉತ್ತರವನ್ನು ಎಷ್ಟು ದಶಮಾಂಶ ಸ್ಥಾನಗಳವರೆಗೆ ಬರೆಯಬೇಕು?

ಪ್ರಶ್ನೆಯಲ್ಲಿ ಹೇಳಿದ್ದರೆ ಅಷ್ಟು, ಇಲ್ಲದಿದ್ದರೆ ಅಳತೆಗಳು ಎಷ್ಟು ನಿಖರವೋ ಅಷ್ಟು. ಮೈದಾನದಲ್ಲಿ 50 ಮೀ. ಗುರುತು ಹಾಕಿ, ಗೆಳೆಯನೊಬ್ಬ ಓಡುವಾಗ ಸ್ಟಾಪ್‌ವಾಚಿನಿಂದ ಅಳೆದು ನೋಡಿ. ಗಡಿಯಾರ 8.00 ಸೆಕೆಂಡು ಎಂದು ತೋರಿಸಿದರೆ ಜವ 6.25 ಮೀ/ಸೆ. ಆದರೆ ಕಣ್ಣು ಕಂಡದ್ದನ್ನು ಬೆರಳು ಒತ್ತಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೆಚ್ಚುಕಡಿಮೆಯಾಗುವುದು ಸಹಜ. ನಿಜವಾದ ಕಾಲ 7.8 ಆಗಿದ್ದರೆ ಜವ 6.41, 8.2 ಆಗಿದ್ದರೆ 6.10. ಹಾಗಿರುವಾಗ ಕ್ಯಾಲ್ಕ್ಯುಲೇಟರ್ ಕೊಟ್ಟ ಎರಡನೆಯ ದಶಮಾಂಶ ಸ್ಥಾನಕ್ಕೆ ಆಧಾರವೇ ಇಲ್ಲ, ‘ಸುಮಾರು 6.2 ಮೀ/ಸೆ’ ಎಂದು ಬರೆಯುವುದು ಹೆಚ್ಚು ಪ್ರಾಮಾಣಿಕ. ಈ ದೋಷದ ಪಾಲನ್ನು ತಗ್ಗಿಸಬೇಕೆಂದಿದ್ದರೆ ದೂರವನ್ನು 100 ಮೀ.ಗೆ ಹೆಚ್ಚಿಸಿ, ಅಥವಾ ಮೂವರ ಕೈಗೆ ಸ್ಟಾಪ್‌ವಾಚುಗಳನ್ನು ಕೊಟ್ಟು ಅವರು ಅಳೆದ ಕಾಲಗಳ ಸರಾಸರಿಯನ್ನು ತೆಗೆದುಕೊಳ್ಳಿ. ಒಂದೇ ಓಟವನ್ನು ಮೂವರು ಅಳೆದಿರುವುದರಿಂದ ಇಲ್ಲಿ ಕಾಲಗಳನ್ನು ಕೂಡಿಸಿ ಮೂರರಿಂದ ಭಾಗಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.